ನೀನಿರುವ ಊರು, ನನ್ನ ಹಾಡುಗಳು

ಪುಟ್ಟೀ,

ನೀನು ಅಮೆರಿಕದ ಟೆನೆಸಿ ರಾಜ್ಯದ ನಾಕ್ಸ್‌ವಿಲ್‌ಗೆ ಹೋಗಿ ಎರಡು ತಿಂಗಳಾಗುತ್ತಾ ಬಂತು. ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲೇ ಇದೆ. ಕಂಟ್ರಿ ಸಂಗೀತವೆಂದರೆ ಪಿಕಪ್ ಟ್ರಕ್ಕು, ಬಿಯರು, ಟೋಪಿ, ಅಷ್ಟೇ ಎಂದು ನಿನ್ನ ಸಹಪಾಠಿಗಳು ಹೇಳಿದರಂತೆ. "ನಮ್ಮ ಮನೆಯಲ್ಲಿ ನೀನು ಇಷ್ಟು ವರ್ಷ ಕೇಳಿದ್ದು ಅದೇನಾ ಅಮ್ಮಾ? ಅದರಲ್ಲಿ ನಿನಗೆ ಸಿಕ್ಕಿದ್ದಾದರೂ ಏನು?" ಎಂದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಕುಳಿತು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ, ಚಾಂಪಿಯನ್ ರೀಫ್‌ನ ಸಾಲುಮನೆಯಲ್ಲಿ ಎಂಬುದು ನಿನಗೆ ಗೊತ್ತು. ನಿನ್ನ ತಾತ ಪಾಳಿಗೆ ಇಳಿಯುತ್ತಿದ್ದ ಗಣಿ ಮೂರು ಕಿಲೋಮೀಟರಿಗಿಂತ ಆಳ. ರಾತ್ರಿ ಕೆಳಗೆಲ್ಲೋ ಬಂಡೆ ಸಿಡಿದರೆ ಮೇಲೆ ನಮ್ಮ ಅಡುಗೆಮನೆಯ ಹಲಗೆಯ ಮೇಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಅಜ್ಜಿ ಎದ್ದು ಕುಳಿತು, ತಾತನ ಪಾಳಿ ಯಾವುದೆಂದು ಬೆರಳಲ್ಲಿ ಎಣಿಸುತ್ತಿದ್ದಳು. ಪಕ್ಕದ ಸಾಲಿನಲ್ಲಿ ಒಂದು ಆಂಗ್ಲೋ ಇಂಡಿಯನ್ ಮನೆ. ಕ್ರಿಸ್‌ಮಸ್ ಹತ್ತಿರವಾದಂತೆ ಅಲ್ಲಿ ಅಮೆರಿಕದ ಕಂಟ್ರಿ ಗಾಯಕ ಜಿಮ್ ರೀವ್ಸ್ ರೆಕಾರ್ಡಿನಲ್ಲಿ ಹಾಡಲು ಶುರುಮಾಡುತ್ತಿದ್ದ. ಇಂಗ್ಲಿಷ್ ನನಗೆ ಅರ್ಧಂಬರ್ಧ. ಆದರೂ ಆ ಮನುಷ್ಯ ನನ್ನ ಕಿವಿಯ ಪಕ್ಕದಲ್ಲೇ ಕುಳಿತು ನನ್ನೊಬ್ಬಳಿಗೇ ಹೇಳುತ್ತಿದ್ದಾನೆ ಎನ್ನಿಸುತ್ತಿತ್ತು. ಹಾಗೇಕೆ ಅನ್ನಿಸುತ್ತಿತ್ತು ಎಂಬುದು ತಿಳಿದದ್ದು ಬಹಳ ವರ್ಷಗಳ ನಂತರ. 1957ರಲ್ಲಿ 'ಫೋರ್ ವಾಲ್ಸ್' ಹಾಡನ್ನು ಧ್ವನಿಮುದ್ರಿಸುವಾಗ ಅವನು ಗಂಟಲೆತ್ತಿ ಹಾಡುವುದನ್ನು ಬಿಟ್ಟು, ತುಟಿ ಮೈಕಿಗೆ ತಾಗುವಷ್ಟು ಹತ್ತಿರ ನಿಂತು ಮೆಲ್ಲಗೆ ಹಾಡಿದ. ಅದನ್ನು ನಿರ್ಮಿಸಿದವನು ಚೆಟ್ ಆಟ್ಕಿನ್ಸ್. ಅವನು ಹುಟ್ಟಿದ ಲಟ್ರೆಲ್ ನಿನ್ನ ನಾಕ್ಸ್‌ವಿಲ್‌ನ ಪಕ್ಕದ ಹಳ್ಳಿ. ನಾನು ಆ ದನಿ ಕೇಳುವ ಹೊತ್ತಿಗೆ ರೀವ್ಸ್ ಇರಲಿಲ್ಲ. 1964ರಲ್ಲಿ, ನಲವತ್ತರ ಪ್ರಾಯದಲ್ಲಿ, ತಾನೇ ನಡೆಸುತ್ತಿದ್ದ ಪುಟ್ಟ ವಿಮಾನ ನ್ಯಾಶ್‌ವಿಲ್ ಬಳಿ ಮಳೆಯಲ್ಲಿ ಬಿದ್ದು ಹೋಗಿಬಿಟ್ಟಿದ್ದ.

ಆಟ್ಕಿನ್ಸ್ ಮತ್ತು ಅವನ ಕಾಲದವರು ಪಿಟೀಲು, ಸ್ಟೀಲ್ ಗಿಟಾರ್‌ಗಳನ್ನು ಹಿಂದಕ್ಕೆ ಸರಿಸಿ ಮೆತ್ತನೆಯ ಕೋರಸ್ಸನ್ನೂ ತಂತಿವಾದ್ಯಗಳ ಮೇಳವನ್ನೂ ಮುಂದೆ ತಂದರು. ಆ ನುಣುಪು ನನಗೆ ಬಾಲ್ಯದ ಕಂಬಳಿಯಿದ್ದಂತೆ, ಈಗಲೂ ಇಷ್ಟ. ಆದರೆ ಇಪ್ಪತ್ತು ದಾಟಿದ ಮೇಲೆ ನನಗೆ ಬೇಕಾದದ್ದು ಬೇರೆ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಹೋದ್ಯೋಗಿಯೊಬ್ಬರು ಜಾನ್ ಪ್ರೈನ್‌ನ 1971ರ ಮೊದಲ ಆಲ್ಬಮ್ಮಿನ ಕ್ಯಾಸೆಟ್ ಕೊಟ್ಟರು. ಒರಟು ದನಿ, ಮೂರು ನಾಲ್ಕು ಸ್ವರಮೇಳ, ಅಲಂಕಾರವೇ ಇಲ್ಲ. ಅವನು ಷಿಕಾಗೊ ಬದಿಯ ಬಡಾವಣೆಯಲ್ಲಿ ಅಂಚೆಯವನಾಗಿದ್ದ. ಬಾಗಿಲಿಂದ ಬಾಗಿಲಿಗೆ ನಡೆಯುತ್ತಲೇ ಹಾಡು ಕಟ್ಟಿದವನು. ಅದರಲ್ಲಿ 'ಪ್ಯಾರಡೈಸ್' ಎಂಬ ಹಾಡಿದೆ. ಅದು ಕೆಂಟಕಿಯ ಮ್ಯೂಲೆನ್‌ಬರ್ಗ್ ಕೌಂಟಿಯಲ್ಲಿದ್ದ, ಅವನ ತಂದೆತಾಯಿಯ ಕಡೆಯವರ ಊರಿನ ಹೆಸರು. ಕಲ್ಲಿದ್ದಲಿಗಾಗಿ ಸುತ್ತಲಿನ ನೆಲವನ್ನೆಲ್ಲ ಬಗೆದರು. ಪಕ್ಕದಲ್ಲಿ ಎದ್ದ ವಿದ್ಯುತ್ ಸ್ಥಾವರದ ಬೂದಿ ಊರ ಮೇಲೆ ಬೀಳತೊಡಗಿತು. ಕೊನೆಗೆ 1967ರಲ್ಲಿ ಟೆನೆಸಿ ವ್ಯಾಲಿ ಅಥಾರಿಟಿ ಎಂಬ ಸರ್ಕಾರಿ ವಿದ್ಯುತ್ ಸಂಸ್ಥೆ ಊರನ್ನು ಕೊಂಡು ಕೆಡವಿಹಾಕಿತು. ಆ ಸಂಸ್ಥೆಯ ಮುಖ್ಯ ಕಚೇರಿ ನೀನಿರುವ ಊರಿನಲ್ಲೇ ಇದೆ, ನೀನು ದಿನಾ ಕಾಣುತ್ತಿರಬಹುದು. ಹಾಡಿನಲ್ಲಿ ಮಗು ತಂದೆಯನ್ನು ಕೇಳುತ್ತದೆ, ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು ಎಂದು. ಹೋಗಲು ಊರೇ ಉಳಿದಿಲ್ಲ.

ನಮ್ಮ ಗಣಿ ಮುಚ್ಚಿದ್ದು 2001ರ ಫೆಬ್ರುವರಿಯಲ್ಲಿ. ಚಿನ್ನ ತೆಗೆದ ಮೇಲೆ ಉಳಿದ ಪುಡಿ ರಾಶಿಬಿದ್ದ ಸೈನೈಡ್ ಗುಡ್ಡವನ್ನು ನೀನು ನೋಡಿದ್ದೀಯ. ಗಾಳಿ ಬೀಸಿದರೆ ಆ ಬೂದುಬಣ್ಣದ ಪುಡಿ ಒಣಹಾಕಿದ ಬಟ್ಟೆಯ ಮೇಲೆ, ಅನ್ನದ ತಟ್ಟೆಯ ಮೇಲೆ ಬಂದು ಕೂರುತ್ತಿತ್ತು. ಗಣಿ ಮುಚ್ಚಿದ ವಾರ ನಾನು ಊರಿಗೆ ಹೋಗಿದ್ದೆ. ತಾತ ಪಾಳಿಯ ಹೊತ್ತಿಗೆ ಎದ್ದು, ಸ್ನಾನ ಮಾಡಿ, ಅಂಗಿ ತೊಟ್ಟು ಜಗಲಿಯ ಮೇಲೆ ಕುಳಿತುಬಿಟ್ಟರು. ಮಧ್ಯಾಹ್ನದವರೆಗೂ ಮಾತಿಲ್ಲ. ಆ ದಿನ ನಾನು ಮನಸ್ಸಿನಲ್ಲಿ ಹಾಡಿಕೊಂಡದ್ದು ಕೆಂಟಕಿಯ ಈ ಹಾಡನ್ನು. ನಮ್ಮ ಊರಿನ ಬಗ್ಗೆ ಹಾಗೆ ಬರೆದವರು ಆಗ ನನಗೆ ಯಾರೂ ಸಿಕ್ಕಿರಲಿಲ್ಲ.

ಪ್ರೈನ್ ಹೇಳುತ್ತಿದ್ದ ಒಂದು ಸಂಗತಿ ನನಗೆ ಬಹಳ ಹತ್ತಿರದ್ದು. ಹಾಡಿನ ಟೇಪನ್ನು ತಂದೆಗೆ ಕೇಳಿಸಲು ತಂದಾಗ ಆತ ಎದ್ದು ಪಕ್ಕದ ಕೋಣೆಗೆ ಹೋಗಿ ಕತ್ತಲಲ್ಲಿ ಕುಳಿತರಂತೆ. ಏಕೆಂದು ಕೇಳಿದರೆ, ಇದು ಜೂಕ್‌ಬಾಕ್ಸಿನಲ್ಲಿ ಬರುತ್ತಿದೆ ಎಂದುಕೊಳ್ಳಬೇಕಿತ್ತು ಎಂದರಂತೆ. ಮಗನ ಹಾಡನ್ನು ಲೋಕದ ಹಾಡಾಗಿ ಕೇಳುವ ಆಸೆ! ನೀನು ಶಾಲೆಯ ವೇದಿಕೆಯಲ್ಲಿ ಹಾಡಿದಾಗಲೆಲ್ಲ ನಾನು ಹಿಂದಿನ ಸಾಲಿಗೆ ಹೋಗಿ ಕೂರುತ್ತಿದ್ದೆ, ನೆನಪಿದೆಯೇ?

ನನ್ನ ರುಚಿ ಇದೇ ಪುಟ್ಟೀ. ಬರೆದವನೇ ಹಾಡಬೇಕು. ಇಲ್ಲವೇ ಹಾಡಿದವಳು ಅದನ್ನು ಬದುಕಿರಬೇಕು. ನಮ್ಮ ದಾಸರು ತಂಬೂರಿ ಹಿಡಿದು ಬೀದಿಯಲ್ಲಿ ಹಾಡಿದ್ದೂ ತಾವೇ ಕಟ್ಟಿದ್ದನ್ನು. ದನಿ ಚೆಂದವಿರಬೇಕೆಂದಿಲ್ಲ. ಆದರೆ ಹಾಡಿನಲ್ಲಿ ವಸ್ತುವೊಂದು ಕಣ್ಣಿಗೆ ಕಾಣಬೇಕು. ನಿನ್ನ ಗೆಳೆಯರು ಹೇಳುವ ಹಾಡುಗಳು ನನಗೂ ಹಿಡಿಸುವುದಿಲ್ಲ. ಅವುಗಳಲ್ಲಿ ಟ್ರಕ್ಕಿದೆ. ಅದು ಯಾರದು, ಎಷ್ಟು ಹಳೆಯದು, ಅದರ ಸಾಲ ತೀರಿದೆಯೇ ಎಂಬುದಿಲ್ಲ.

ಟೆಕ್ಸಸ್‌ನ ಗೈ ಕ್ಲಾರ್ಕ್ ಒಂದು ಚಾಕುವಿನ ಬಗ್ಗೆ ಬರೆದಿದ್ದಾನೆ. ತಂದೆ ಯುದ್ಧಕ್ಕೆ ಹೊರಟಾಗ ತಾಯಿ ಕೊಟ್ಟ ಚಾಕು. ಹುಡುಗ ಅದನ್ನು ಕೇಳಿ ಪಡೆದು ಸ್ಕೌಟ್ ಶಿಬಿರಕ್ಕೆ ಒಯ್ಯುತ್ತಾನೆ, ಮರಕ್ಕೆ ಎಸೆಯುತ್ತಾನೆ, ತುದಿ ಅರ್ಧ ಇಂಚು ಮುರಿಯುತ್ತದೆ. ತಂದೆ ಒಂದು ಕಟುಮಾತನ್ನೂ ಆಡದೆ ಅದನ್ನು ಡ್ರಾಯರಿನಲ್ಲಿಟ್ಟುಬಿಡುತ್ತಾನೆ. ತಂದೆ ತೀರಿಕೊಂಡಾಗ ಮಗನಿಗೆ ಅಳು ಬರುವುದಿಲ್ಲ. ಆ ಮುರುಕು ಚಾಕು ಕೈಗೆ ಬಂದಾಗ ಬರುತ್ತದೆ. ಕ್ಲಾರ್ಕ್ ಇದನ್ನು ಹಾಡುವುದೂ ಇಲ್ಲ, ಗಿಟಾರ್ ಮೀಟುತ್ತಾ ಹೇಳುತ್ತಾ ಹೋಗುತ್ತಾನೆ. ತಾತನ ಗಣಿಯ ಟೋಪಿ ನಮ್ಮ ಅಟ್ಟದ ಮೇಲಿದೆ. ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟವಳು ನಾನೇ.

ಹೆಣ್ಣುದನಿಗಳಲ್ಲಿ ನನಗೆ ಐರಿಸ್ ಡಿಮೆಂಟ್ ಮೊದಲು. ಹದಿನಾಲ್ಕು ಮಕ್ಕಳಲ್ಲಿ ಕೊನೆಯವಳು. ಅವಳ ತಾಯಿಗೆ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಹೆಸರಾಂತ ಕಂಟ್ರಿ ಸಂಗೀತ ಕಾರ್ಯಕ್ರಮದಲ್ಲಿ ಹಾಡಬೇಕೆಂಬ ಕನಸಿತ್ತು. ಮಗಳು 1992ರ ತನ್ನ ಮೊದಲ ಆಲ್ಬಮ್ಮಿನಲ್ಲಿ ಆ ಕನಸನ್ನೇ ಹಾಡು ಮಾಡಿದಳು. ಕೊನೆಯ ಹಾಡಿಗೆ ಬಂದಾಗ ತಾಯಿಯನ್ನೇ ಮೈಕಿನ ಮುಂದೆ ನಿಲ್ಲಿಸಿದಳು. ಮಾಗಿದ, ತುಸು ನಡುಗುವ ಆ ದನಿ ಮುಂದೆ, ಮಗಳ ದನಿ ಅದರ ಹಿಂದೆ. ಅಡುಗೆ ಮಾಡುವಾಗ ಆ ಹಾಡು ಬಂದರೆ ನಾನು ಸೌಟು ಕೆಳಗಿಟ್ಟು ಕೇಳುತ್ತೇನೆ.

ಹಳೆಯ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್‌ನನ್ನು ನಾನು ಅಪರೂಪಕ್ಕೆ ಕೇಳುತ್ತೇನೆ, ಏಕೆಂದರೆ ಅವನ ಹಾಡುಗಳ ಒಂಟಿತನದಿಂದ ಹೊರಬರಲು ನನಗೆ ಎರಡು ದಿನ ಬೇಕು. ನಿನ್ನ ಊರಿನ ಗೇ ಸ್ಟ್ರೀಟ್‌ನಲ್ಲಿ ಆಂಡ್ರ್ಯೂ ಜಾನ್ಸನ್ ಹೋಟೆಲ್ ಎಂದಿದ್ದ ದೊಡ್ಡ ಕಟ್ಟಡವಿದೆ. 1952ರ ಕೊನೆಯ ರಾತ್ರಿ ಅವನನ್ನು ಅಲ್ಲಿಂದ ಎತ್ತಿ ತಂದು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಹೊಸ ವರ್ಷದ ಬೆಳಗ್ಗೆ ವೆಸ್ಟ್ ವರ್ಜೀನಿಯಾದ ಓಕ್ ಹಿಲ್ ತಲುಪುವಾಗ ಜೀವವಿರಲಿಲ್ಲ. ವಯಸ್ಸು ಇಪ್ಪತ್ತೊಂಬತ್ತು. ಆ ಕಟ್ಟಡದ ಮುಂದೆ ಹೋಗುವಾಗ ಒಂದು ಗಳಿಗೆ ನಿಲ್ಲು.

ಈಗ ನನ್ನದೊಂದು ಕೋರಿಕೆ. ಶನಿವಾರ ಬಿಡುವಾದಾಗ ಗೆಳತಿಯರ ಜೊತೆ ಈಶಾನ್ಯಕ್ಕೆ ಕಾರು ತಿರುಗಿಸಿ ಬ್ರಿಸ್ಟಲ್‌ಗೆ ಹೋಗು. ಮುಖ್ಯ ಬೀದಿಯ ಒಂದು ಬದಿ ಟೆನೆಸಿ, ಇನ್ನೊಂದು ಬದಿ ವರ್ಜೀನಿಯಾ. 1927ರ ಆಗಸ್ಟ್‌ನಲ್ಲಿ ಆ ಬೀದಿಯ ಟೋಪಿ ಉಗ್ರಾಣವೊಂದರಲ್ಲಿ, ಕಂಟ್ರಿ ಸಂಗೀತದ ಆರಂಭಕಾಲದ ಹಾಡುಗಾರರಾದ ಕಾರ್ಟರ್ ಕುಟುಂಬ ಮೊದಲ ಬಾರಿಗೆ ಧ್ವನಿಮುದ್ರಣಕ್ಕೆ ನಿಂತಿತು. ಗಿಟಾರ್ ಹಿಡಿದ ಮೇಬೆಲ್‌ಗೆ ಹದಿನೆಂಟು ವರ್ಷ, ತುಂಬು ಬಸುರಿ. ಅವಳು ಹೆಬ್ಬೆರಳಿನಲ್ಲಿ ಕೆಳಸ್ಥಾಯಿಯ ತಂತಿಗಳ ಮೇಲೆ ರಾಗ ನುಡಿಸುತ್ತಾ, ತೋರುಬೆರಳಿನಲ್ಲಿ ಮೇಲಿನ ತಂತಿಗಳನ್ನು ಸವರಿ ಲಯ ಕೊಡುತ್ತಿದ್ದಳು. ಒಂದೇ ಕೈ, ಹಾಡುವ ದನಿಯೂ ಅದೇ, ಹೆಜ್ಜೆಯ ಸದ್ದೂ ಅದೇ. ಅಲ್ಲಿಂದ ಸ್ವಲ್ಪ ದೂರದ ಹಿಲ್ಟನ್ಸ್‌ನಲ್ಲಿ ಅವರ ಮನೆತನದವರು ಕಟ್ಟಿದ ಕಾರ್ಟರ್ ಫೋಲ್ಡ್ ಎಂಬ ಸಭಾಂಗಣವಿದೆ. ಶನಿವಾರ ಸಂಜೆ ಅಲ್ಲಿ ಹಳೆಯ ಬಗೆಯ ಸಂಗೀತ ನಡೆಯುತ್ತದೆ, ವಿದ್ಯುತ್ ವಾದ್ಯಗಳಿಗೆ ಅಲ್ಲಿ ಜಾಗವಿಲ್ಲ.

ಅಲ್ಲಿ ಮುಂದಿನ ಸಾಲಿನಲ್ಲಿ ಕುಳಿತುಕೋ. ನೀನು ಬಿಟ್ಟುಹೋದ ಗಿಟಾರನ್ನು ಹೋದ ತಿಂಗಳು ಚೀಲದಿಂದ ತೆಗೆದಿದ್ದೇನೆ, ಹೊಸ ತಂತಿ ಹಾಕಿಸಿದ್ದೇನೆ, ದಿನಾ ಸಂಜೆ ಅರ್ಧ ಗಂಟೆ ಕೂರುತ್ತೇನೆ. ಹೆಬ್ಬೆರಳು ಐದನೆಯ ತಂತಿಯಿಂದ ನಾಲ್ಕಕ್ಕೆ ಬರುವಾಗ ತೋರುಬೆರಳು ತಾಳ ಬಿಟ್ಟು ನಿಂತುಬಿಡುತ್ತದೆ. ಯಾರಾದರೂ ಮೇಬೆಲ್‌ಳ ಹಾಗೆ ನುಡಿಸಿದರೆ ಅವರ ಮುಖ ನೋಡಬೇಡ, ಬಲಗೈ ನೋಡು. ಮಣಿಕಟ್ಟು ಅಲುಗುತ್ತದೆಯೋ, ಬರೀ ಬೆರಳೋ, ನನಗೆ ಬರೆ.

ನಿನ್ನ
ಅಮ್ಮ