ಜಾಮ್ ಆದ ಸ್ಕ್ರೂಗೆ ಕೈ ಹಾಕುವ ಮುಂಚೆ

ಗೆಳೆಯರೇ, ಹಳೇ ಆರ್‌ಎಕ್ಸ್ 100 (ಯಮಹಾ ಬೈಕ್) ಬಿಚ್ಚುವವರು ಒಂದ್ನಿಮಿಷ ನಿಲ್ಲಿ. ಕ್ಲಚ್ ಕವರಿನ ಸ್ಕ್ರೂಗೆ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಬೇಡಿ. ಅವು ಜಪಾನಿ ಅಳತೆಯವು, ನಮ್ಮ ಬಿಟ್ ಪೂರ್ತಿ ಕೂರುವುದಿಲ್ಲ, ಜಾರಿ ಜಾರಿ ತಲೆ ಸವೆದು ಬಟ್ಟಲಿನ ಹಾಗೆ ಆಗುತ್ತದೆ (ನನ್ನ ಗಾಡಿಯಲ್ಲೇ ಎರಡು ಹಾಳಾದವು). ಅಲ್ಯೂಮಿನಿಯಂ ಒಳಗೆ ಉಕ್ಕಿನ ಸ್ಕ್ರೂ ವರ್ಷಗಟ್ಟಲೆ ಕೂತರೆ ತುಕ್ಕು, ಬಿಳಿ ಪುಡಿ ಸೇರಿ ಕಚ್ಚಿಕೊಳ್ಳುತ್ತದೆ. ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಿಗ್ಗೆ ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟು, ಸುತ್ತಲಿನ ಕೇಸಿಂಗಿಗೆ ಹಾಟ್ ಏರ್ ಗನ್ ಹಿಡಿಯಿರಿ, ಅಲ್ಯೂಮಿನಿಯಂ ಜಾಸ್ತಿ ಹಿಗ್ಗಿ ಹಿಡಿತ ಸಡಿಲ ಆಗುತ್ತದೆ. ಆಮೇಲೆ ಜಪಾನಿ ಅಳತೆಯ ಬಿಟ್ ಹಾಕಿದ ಇಂಪ್ಯಾಕ್ಟ್ ಡ್ರೈವರ್ (ಸುತ್ತಿಗೆ ಏಟು ಬಿದ್ದಾಗ ಸ್ಕ್ರೂ ತಿರುಗಿಸುವ ಉಪಕರಣ) ನೇರವಾಗಿ ಇಟ್ಟು ಸುತ್ತಿಗೆಯಿಂದ ಒಂದೇ ಗಟ್ಟಿ ಏಟು. ‘ಟಕ್’ ಅಂದರೆ ಬಿಟ್ಟಿತು ಅಂತ. ಸುಮ್ನೆ ಹಿಡಿಗೆ ಉದ್ದ ಪೈಪ್ ಹಾಕಿ ಎಳೆದು ಸ್ಕ್ರೂ ಮುರಿದುಕೊಂಡು ಆಮೇಲೆ ಫೋಟೋ ಕಳಿಸಬೇಡಿ ಮಾರಾಯ್ರೆ.