ಭಾನುವಾರ ಮನಸ್ಸಿನ ನೆಮ್ಮದಿಯ ಸರ್ವೆಗೆ ಹೋಗುವವರಿಗೆ

ಮಲ್ಪೆ, ಕಲ್ಯಾಣಪುರ ಕಡೆ ಮನೆಮನೆಗೆ ಹೋಗುವವರು ಪೂರ್ತಿ ಓದಿ ಮಾರಾಯ್ರೆ, ಸುಮ್ನೆ ಹೆಬ್ಬೆರಳಿನ ಇಮೋಜಿ ಒತ್ತಿ ಬಿಡಬೇಡಿ.

18 ತುಂಬದ ಮಕ್ಕಳಾದರೆ ಅಪ್ಪ ಅಥವಾ ಅಮ್ಮನ ಸಹಿ ಬೇಕೇ ಬೇಕು. ಸಹಿ ಸಿಕ್ಕಿದರೂ ಮಗು ತಾನೇ ಒಪ್ಪಬೇಕು, ಬೇಡ ಅಂದರೆ ಎದ್ದು ಬನ್ನಿ. ಅಮ್ಮ ಪಕ್ಕದಲ್ಲೇ ಕೂತಿದ್ದರೆ ಹತ್ತನೇ ಕ್ಲಾಸಿನ ಹುಡುಗಿ ಮನೆಯಲ್ಲಿ ಎಲ್ಲ ಚೆನ್ನಾಗಿದೆ ಅಂತಲೇ ಹೇಳುತ್ತಾಳೆ, ಅಲ್ವಾ? ಜಗಲಿಯಲ್ಲೋ ಅಂಗಳದಲ್ಲೋ, ಎಲ್ಲರಿಗೂ ಕಾಣುವ ಹಾಗೆ ಆದರೆ ಯಾರಿಗೂ ಕೇಳದ ಹಾಗೆ ಕೂತು ಮಾತಾಡಿ.

ಮನಸ್ಸಿನ ನೆಮ್ಮದಿ ಅಳೆಯುವ ಡಬ್ಲ್ಯೂಎಚ್‌ಓ-5 ಫಾರಂನಲ್ಲಿ ಇರುವುದು 5 ಪ್ರಶ್ನೆ, ಎಲ್ಲವೂ ಕಳೆದ 2 ವಾರದ ಬಗ್ಗೆ. ಅದಕ್ಕೇ ಕೃಷ್ಣಾಷ್ಟಮಿ ಕಳೆದ ಕೂಡಲೇ ಹೋಗುವುದು ಬೇಡ ಅಂದದ್ದು. ಮುಂಬೈ, ದುಬೈಯಿಂದ ಮಕ್ಕಳು ಬಂದು ಹೋದ ವಾರ ಯಾವ ಅಜ್ಜಿಯ ಅಂಕ ಕಡಿಮೆ ಬರುತ್ತದೆ ಹೇಳಿ! ಒಟ್ಟು ಅಂಕವನ್ನು 4ರಿಂದ ಗುಣಿಸಿ ಬರೆಯಿರಿ.

ಹಿರಿಯರ ಹತ್ತಿರ ತುಳುವಿನಲ್ಲೇ ಕೇಳಿ, ಆದರೆ ಕೊಟ್ಟ ಹಾಳೆ ನೋಡಿ. ಒಬ್ಬೊಬ್ಬರು ಒಂದೊಂದು ಥರ ಕೇಳಿದರೆ ಉತ್ತರ ಹೋಲಿಸಲಿಕ್ಕೆ ಆಗುವುದಿಲ್ಲ.

ಯಾರಾದರೂ ಅತ್ತರೆ ಪೆನ್ನು ಕೆಳಗಿಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416, ಹಿರಿಯರ ಸಹಾಯವಾಣಿ 14567, ಎರಡೂ ಚೀಟಿಯಲ್ಲಿ ಬರೆದುಕೊಡಿ. ತುಂಬಿದ ಫಾರಂನ ಫೋಟೋ ಈ ಗ್ರೂಪಿಗೆ ಹಾಕಬೇಡಿ, ದಯವಿಟ್ಟು.