ಸಾವಿರದ ಲೆಕ್ಕದಲ್ಲಿ ಯಾರ್ಯಾರ ಪಾಲು

ಪ್ರಬಂಧಗಳ ಹುಡುಕುತಾಣ ಗೂಗಲ್ ಸ್ಕಾಲರ್‌ನಲ್ಲಿ ನನ್ನ ಸೈಟೇಷನ್ ಈ ವಾರ ಸಾವಿರ ದಾಟಿತು. ಅಭಿನಂದಿಸಿದ ಎಲ್ಲರಿಗೂ ಧನ್ಯವಾದ. "ಹಾಗಂದ್ರೆ ಪ್ರಮೋಷನ್ನಾ?" ಎಂದು ಕೇಳಿದ ಅತ್ತಿಗೆಗೆ ಇಲ್ಲೇ ಉತ್ತರ: ಬೇರೆ ಸಂಶೋಧಕರು ತಮ್ಮ ಪ್ರಬಂಧಗಳಲ್ಲಿ ನಮ್ಮ ಕೆಲಸವನ್ನು ಸಾವಿರ ಸಲ ಹೆಸರಿಸಿದ್ದಾರೆ, ಅಷ್ಟೇ. ಎಚ್-ಇಂಡೆಕ್ಸ್ ಎಂಬ ಇನ್ನೊಂದು ಅಳತೆಯೂ ಇದೆ, ಹಿರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಮುಂದಿಟ್ಟದ್ದು. ನನ್ನದು 15. ತಲಾ 15 ಸಲವಾದರೂ ಉಲ್ಲೇಖಗೊಂಡ ಪ್ರಬಂಧಗಳು ನನ್ನ ಹೆಸರಿನಲ್ಲಿ 15 ಇವೆ ಎಂದರ್ಥ.

ಆದರೆ ಒಳಗಿನ ಲೆಕ್ಕ ಬೇರೆಯೇ ಇದೆ. ಸಾವಿರದಲ್ಲಿ ಹತ್ತಿರ ಹತ್ತಿರ ಅರ್ಧ ಬಂದದ್ದು ಒಂದೇ ಒಂದು ರಿವ್ಯೂ ಲೇಖನಕ್ಕೆ. ಕುರ್ಚಿಯಲ್ಲಿ ಕೂತು ಬೇರೆಯವರ ಪ್ರಯೋಗಗಳನ್ನು ಓದಿ ಬರೆದದ್ದು ಅದು. ಇಲಿಗಳ ಜೊತೆ ವರ್ಷಗಟ್ಟಲೆ ಒದ್ದಾಡಿ ಬರೆದ ರೆಸರ್ಪಿನ್ ಪ್ರಬಂಧವನ್ನು ಕೇಳುವವರು ಕಡಿಮೆ. ನನಗೆ ಹೆಮ್ಮೆಯಿರುವುದು ಅದರ ಮೇಲೆಯೇ, ನಾನು ಋಣಿಯಾಗಿರುವವರೂ ಅಲ್ಲೇ ಇದ್ದಾರೆ.

ರೆಸರ್ಪಿನ್ ನಮ್ಮ ಸರ್ಪಗಂಧದ ಬೇರಿನಿಂದ ಸಿಕ್ಕ ಔಷಧ. ಅದು ಮಿದುಳಿನಲ್ಲಿ ಡೋಪಮಿನ್ ಎಂಬ, ಮೈ ಚಲನೆಗೆ ಬೇಕಾದ ರಾಸಾಯನಿಕದ ದಾಸ್ತಾನನ್ನು ಬರಿದು ಮಾಡುತ್ತದೆ. ರೆಸರ್ಪಿನ್‌ನಿಂದ ಮಿಸುಕಾಡದೆ ಬಿದ್ದಿದ್ದ ಮೊಲಗಳಿಗೆ, ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾ ಚುಚ್ಚಿದರೆ ಅವು ಎದ್ದು ಓಡಾಡುತ್ತವೆ ಎಂದು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1957ರಲ್ಲಿ ತೋರಿಸಿದರು. ಡೋಪಮಿನ್ ಕಡಿಮೆಯಾಗಿ ಚಲನೆ ಕಷ್ಟವಾಗುವ ಪಾರ್ಕಿನ್ಸನ್ ಕಾಯಿಲೆಗೆ ಇವತ್ತಿಗೂ ಮುಖ್ಯ ಔಷಧ ಎಲ್-ಡೋಪಾನೇ. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು. ನಮ್ಮ ಪ್ರಬಂಧದ ಮೊದಲ ಉಲ್ಲೇಖ ಅವರದೇ.

ಅವರ ಹೆಸರೇನೋ ಉಲ್ಲೇಖಪಟ್ಟಿಯಲ್ಲಿದೆ. ಅನಿಮಲ್ ಹೌಸ್ ಅಟೆಂಡರ್ ಅಣ್ಣನ ಹೆಸರು ಎಲ್ಲಿದೆ? ರೆಸರ್ಪಿನ್ ಕೊಟ್ಟ ಇಲಿ ರೆಪ್ಪೆ ಇಳಿಬಿಟ್ಟು, ಬೆನ್ನು ಗೂನು ಮಾಡಿಕೊಂಡು ಮೂಲೆ ಹಿಡಿಯುತ್ತದೆ. ಮೈ ತಣ್ಣಗಾಗುತ್ತದೆ. ಪಂಜರದ ಮೇಲಿನ ಜಾಲರಿಯಲ್ಲಿರುವ ಆಹಾರಕ್ಕೆ ತಲೆಯನ್ನೇ ಎತ್ತುವುದಿಲ್ಲ. ಅಣ್ಣ ಪೆಲೆಟ್ ನೆನೆಸಿ, ಕಿವುಚಿ, ಸಣ್ಣ ತಟ್ಟೆಯಲ್ಲಿ ಮೂತಿಯ ಹತ್ತಿರವೇ ಇಡುತ್ತಿದ್ದರು. ಡಿಸೆಂಬರ್ ಚಳಿಯಲ್ಲಿ ಪಂಜರಕ್ಕೆ ಇನ್ನೆರಡು ಬೊಗಸೆ ಭತ್ತದ ಹೊಟ್ಟು. ಯಾವ ಇಲಿ ರಾತ್ರಿ ತಿಂದಿಲ್ಲ ಎಂಬುದು ನಮ್ಮ ನೋಟ್‌ಬುಕ್ಕಿಗಿಂತ ಮೊದಲು ಅವರಿಗೆ ಗೊತ್ತಿರುತ್ತಿತ್ತು. ನಮ್ಮ ಗ್ರಾಫಿನಲ್ಲಿ ಎರರ್ ಬಾರ್ (ಅಳತೆಗಳ ಏರುಪೇರು ತೋರಿಸುವ ಗೆರೆ) ಚಿಕ್ಕದಾಗಿದ್ದರೆ ಅದು ಆ ಕೈಗುಣ. ಇದನ್ನು ಯಾವ ಇಂಡೆಕ್ಸೂ ಹಿಡಿಯುವುದಿಲ್ಲ ಎನ್ನುವುದೇ ನನ್ನ ತಕರಾರು.

ಟೆಕ್ನಿಷಿಯನ್ ಮೇಡಂ, ನೀವು ಮಾಡಿಕೊಟ್ಟ ಲೌರಿ ಪರೀಕ್ಷೆಗಳಿಗೆ ಲೆಕ್ಕವಿಲ್ಲ. ಪ್ರೋಟೀನ್ ಅಳೆಯುವ ಆ ವಿಧಾನದ 1951ರ ಪ್ರಬಂಧ 3 ಲಕ್ಷಕ್ಕೂ ಹೆಚ್ಚು ಸಲ ಉಲ್ಲೇಖಗೊಂಡಿದೆ. ಅದೇನೂ ಮಹಾ ಪ್ರಬಂಧವಲ್ಲ ಎಂಬುದೇ ಸ್ವತಃ ಲೌರಿಯವರ ಅಭಿಪ್ರಾಯವಾಗಿತ್ತು! ಗೊತ್ತಿರುವ ಪ್ರಮಾಣಗಳಿಂದ ಎಳೆಯುವ ಹೋಲಿಕೆ ಗೆರೆ, ಅಂದರೆ ಸ್ಟಾಂಡರ್ಡ್ ಕರ್ವ್, ಸರಿ ಬರದಿದ್ದರೆ ಸಂಜೆ ಬಸ್ಸು ಬಿಟ್ಟುಕೊಟ್ಟು ಮತ್ತೆ ಮಾಡಿದಿರಿ. ಅದು ನನಗೆ ನೆನಪಿದೆ.

ಹೋಲಿಕೆಗೆ ಇನ್ನೊಂದು ಕಂಟ್ರೋಲ್ ಗುಂಪು ಬೇಕೇ ಬೇಕು ಎಂದು ಹಟ ಹಿಡಿದ, ಪ್ರಕಟಣೆಗೆ ಮುನ್ನ ಪ್ರಬಂಧ ಪರಿಶೀಲಿಸಿದ ಅನಾಮಿಕ ರಿವ್ಯೂವರ್‌ಗೂ ನಮಸ್ಕಾರ. ಪ್ರಬಂಧ ಗಟ್ಟಿಯಾದದ್ದು ಅದರಿಂದಲೇ. ವಿದ್ಯಾರ್ಥಿಗಳೇ, ನಿಮಗೆ ಇಲ್ಲಿ ಬೇರೆ ಹೇಳುವುದಿಲ್ಲ, ಲೇಖಕರ ಸಾಲಿನಲ್ಲಿ ನನಗಿಂತ ಮುಂದೆ ನೀವೇ ಇದ್ದೀರಿ.

ಶನಿವಾರ ಲ್ಯಾಬಿನಲ್ಲಿ ಊಟ, ವಿ.ವಿ. ಪುರದಿಂದ ಹೋಳಿಗೆ ತರಿಸುತ್ತಿದ್ದೇನೆ. ಅಣ್ಣನ ಡ್ಯೂಟಿ ಎರಡಕ್ಕೆ ಶುರು, ಆದ್ದರಿಂದ ಎಲ್ಲರೂ ಹನ್ನೆರಡೂವರೆಗೇ ಬನ್ನಿ.